ಒದಿಯೋ ಆಕಳ ಕರಾನೂ ಒದಿತೈತೇನು?

ಅಕ್ಕಾರ, ತಂಗೇರ, ಈ ಪ್ರಶ್ನಿ ನಮ್ಮ ಓಣ್ಯಾಗ ವರ್ಷಕ್ಕ ಒಂದ್ಸಲ ಆದ್ರೂ ಬಂದೇ ಬರ್ತೈತಿ. ಯಾರದೋ ಮನ್ಯಾಗ ಆಕಳು ಒದ್ದು ಹಾಲಿನ ಚರಿಗಿ ಉರುಳಿರ್ತೈತಿ, ಇಲ್ಲಾ ಹಿಂಡೋ ಸೊಸಿ ಮೊಣಕಾಲಿಗೆ ಪೆಟ್ಟು ಬಿದ್ದಿರ್ತೈತಿ. ಗಂಡಸರು ಕಟ್ಟಿ ಮ್ಯಾಲ ಕೂತು ಒಂದು ಲೆಕ್ಕ ಹಾಕ್ತಾರ: ದಿನಕ್ಕ ಎಂಟು ಲೀಟರ್ ಕೊಡೋ ಆಕಳು, ಮಾರಬಾರದು. ಹಿಂಡಾಕಿ ಇನ್ನೊಂದು ಲೆಕ್ಕ ಹಾಕ್ತಾಳ: ಇದರ ಹೆಣ್ಗರ ಅಲ್ಲೇ ಕೊಟ್ಟಿಗ್ಯಾಗ ಬೆಳೀತೈತಿ, ಅದೂ ತಾಯಿಯಂಗ ಆದ್ರ ಇನ್ನ ಹತ್ತು ವರ್ಷ ನನ್ನ ಕಾಲಿನ ಗತಿ ಏನು?

ನಮ್ಮ ಹಿರೇರು ಇದಕ್ಕ ಒಂದೇ ಮಾತಿನಾಗ ಉತ್ತರ ಕೊಟ್ಟು ಬಿಡ್ತಿದ್ರು: ನೂಲಿನಂಗ ಸೀರಿ, ತಾಯಿಯಂಗ ಮಗಳು. ಅದು ನಿಜಾನೂ ಹೌದು, ಪೂರ್ತಿ ನಿಜ ಅಲ್ಲದೂ ಹೌದು. ದನದ ಸಿಟ್ಟು, ಅಂಜಿಕಿ, ತಾಳ್ಮಿ ಇವೆಲ್ಲ ಎಷ್ಟು ರಕ್ತದಾಗ ಬರ್ತಾವ, ಎಷ್ಟು ಸಾಕೋ ಕೈಯಾಗ ಬರ್ತಾವ ಅನ್ನೋದನ್ನ ತಿಳ್ಕೊಳ್ಳಾಕ ದೂರ ಹೋಗೋದು ಬ್ಯಾಡ. ನಮ್ಮ ಬಳ್ಳಾರಿ ಸೀಮಿ, ಪಕ್ಕದ ಚಿತ್ರದುರ್ಗ, ಮೈಸೂರು ಸೀಮಿ, ಆ ಕಡೆ ಕೃಷ್ಣಾ ನದಿ ದಂಡಿ, ಈ ಮೂರರ ಹಳೆ ಕತಿ ಗೊತ್ತಾದ್ರ ಸಾಕು.

ಮೊದಲು ನಮ್ಮ ಕಡೆಯಿಂದಲೇ ಶುರು ಮಾಡೋಣ. ಬಳ್ಳಾರಿಯಿಂದ ಹೊಸಪೇಟಿಗೆ ಹೋಗೋ ದಾರ್ಯಾಗ ಕುಡತಿನಿ ಹತ್ರ ಬೂದಿ ದಿಬ್ಬ ಐತಲ್ಲ, ಅದರ ಬಗ್ಗೆ ಸಣ್ಣವರಿದ್ದಾಗ ನಾವೆಲ್ಲ ರಾಕ್ಷಸರನ್ನ ಸುಟ್ಟ ಬೂದಿ ಅಂತ ಕೇಳಿದವರೇ. ಹಂಪಿ ಹತ್ರದ ನಿಂಬಾಪುರದ ದಿಬ್ಬಕ್ಕ ವಾಲಿಯನ್ನ ಸುಟ್ಟ ಜಾಗ ಅಂತಾರ. ಆದ್ರ ಇವು ದನದ ಸಗಣಿ ಸುಟ್ಟ ಬೂದಿ. ಸುಮಾರು 3,000ದಿಂದ 5,000 ವರ್ಷದ ಹಿಂದ ನಮ್ಮ ಈ ಸೀಮ್ಯಾಗ ಇದ್ದ ಮಂದಿ ದೊಡ್ಡ ದೊಡ್ಡ ದೊಡ್ಡಿ ಕಟ್ಟಿ ದನ ಕೂಡ್ತಿದ್ರು, ಸಗಣಿ ಗುಡ್ಡಿ ಬೀಳ್ತಿತ್ತು, ಅದನ್ನ ಆಗಾಗ ಸುಡ್ತಿದ್ರು. 1957ರಾಗ ಆಲ್ಚಿನ್ ಅನ್ನೋ ಇಂಗ್ಲಿಷ್ ಪುರಾತತ್ವದವರು ಈಗಿನ ತೆಲಂಗಾಣದ ಉತ್ನೂರು ಅನ್ನೋ ಊರಾಗ ಇಂಥದ್ದೇ ಒಂದು ದಿಬ್ಬ ಅಗೆದಾಗ ಬೂದಿ ಪದರದಾಗ ದನದ ಗೊರಸಿನ ಗುರುತು ಅಚ್ಚೊತ್ತಿದಂಗ ಸಿಕ್ಕವು. ನಮ್ಮ ಸಿರುಗುಪ್ಪ ತಾಲೂಕಿನ ತೆಕ್ಕಲಕೋಟಿ ಗುಡ್ಡದಾಗೂ 1960ರ ದಶಕದಾಗ ಅಗೆದು ನೋಡಿದ್ರು, ಅಲ್ಲಿನೂ ಅದೇ ಕಾಲದ ಮಂದಿ, ಅವರ ಮಡಿಕಿ, ದನದ ಎಲುಬು. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದ ಬಂಡಿ ಮ್ಯಾಲ ಕಲ್ಲಿನಿಂದ ಕುಟ್ಟಿ ಬಿಡಿಸಿದ ದನ ಎಷ್ಟೋ ಅದಾವ. ಉದ್ದನ್ನ ಕೋಡು, ಎತ್ತರದ ಇಣಿ. ನೋಡಿದ ಕೂಡ್ಲೇ ಇದು ನಮ್ಮ ಹೋರಿ ಅಂತ ಗುರುತು ಸಿಗ್ತೈತಿ.

ಈಗ ಆ ದೊಡ್ಡಿ ಕಣ್ಣ ಮುಂದ ತಂದುಕೊಳ್ರಿ. ಕಬ್ಬಿಣದ ಸರಪಳಿ ಇಲ್ಲ. ಬೇಲಿ ಅಂದ್ರ ಮರದ ಗೂಟ. ಒಳಗ ನೂರಾರು ದನ. ಬೇಲಿ ಹಾರಿ ಹೋಗೋ ದನ, ಹೆಂಗಸರು ಮಕ್ಕಳನ್ನ ಹಾಯೋ ದನ ಬಹಳ ದಿನ ಉಳೀತಿದ್ದಿಲ್ಲ. ಒಂದೋ ಕಾಡು ಸೇರ್ತಿತ್ತು, ಇಲ್ಲಾ ಒಲಿ ಸೇರ್ತಿತ್ತು. ಮನಿಷಾರ ವಾಸನಿ ತಡ್ಕೊಂಡು ನಿಂತ ಆಕಳು ಉಳೀತು, ಕರ ಹಾಕ್ತು, ಆ ಕರದಾಗ ಮತ್ತ ಶಾಂತ ಇದ್ದದ್ದು ಉಳೀತು. ಯಾವ ಪ್ರಾಣಿ ಸಾಕುಪ್ರಾಣಿ ಆದ್ರೂ ಮೊದಲ ಆರಿಸೋದು ಸ್ವಭಾವವನ್ನ, ಹಾಲು ಮಾಂಸ ಎಲ್ಲ ಆಮ್ಯಾಲ ಅಂತ ಇದನ್ನ ಅಭ್ಯಾಸ ಮಾಡಿದವರು ಹೇಳ್ತಾರ. ಬಣ್ಣ ಕೋಡು ಹೆಂಗ ತಾಯಿ ತಂದಿಯಿಂದ ಬರ್ತಾವೋ ಹಂಗ ಸ್ವಭಾವಾನೂ ಸ್ವಲ್ಪ ಬರದೇ ಇದ್ದಿದ್ರ, ಎಷ್ಟು ಸಾವಿರ ವರ್ಷ ಆರಿಸಿದ್ರೂ ಪ್ರತಿ ಕರಾನೂ ಕಾಡುದನದಂಗೇ ಹುಟ್ತಿತ್ತು. ಕುರುಗೋಡಿನ ದೊಡ್ಡ ಬಸವಣ್ಣ ಕಾಲು ಮಡಚಿ ಅಷ್ಟು ಸಮಾಧಾನದಿಂದ ಕೂತಾನಲ್ಲ, ಆ ಸಮಾಧಾನದ ಹಿಂದ ಇಂಥ ನೂರಾರು ತಲಿಮಾರಿನ ಆರಿಸಾಟ ಐತಿ.

ಇದು ಶಾಂತ ದನ ಆರಿಸಿದ ಕತಿ. ಇನ್ನ ಬೇಕಂತಲೇ ಸಿಟ್ಟಿನ ದನ ಆರಿಸಿದ ಕತಿ ಕೇಳ್ರಿ. ಅದು ಮೈಸೂರು ಸೀಮ್ಯಾಗ ಆತು.

ಚಿಕ್ಕದೇವರಾಜ ಒಡೆಯರು 1673ರಿಂದ 1704ರ ತನಕ ಆಳಿದವರು. ಅವರು ಅರಮನಿಗೆ ಹಾಲು ಬೆಣ್ಣಿ ಬರೋ ಸಲುವಾಗಿ ಒಂದು ಇಲಾಖಿ ಮಾಡಿದ್ರು. ಹೆಸರು ಬೆಣ್ಣೆ ಚಾವಡಿ. ಎಷ್ಟು ಚಂದ ಹೆಸರು ನೋಡ್ರಿ, ಕೇಳಿದ್ರ ಮಜ್ಜಿಗಿ ಕಡಿಯೋ ಸಪ್ಪಳ ನೆನಪಾಗ್ತೈತಿ. ರಾಜ್ಯದಾಗ ಎಲ್ಲೆಲ್ಲಿ ಹುಲ್ಲುಗಾವಲು ಇತ್ತೋ ಅಲ್ಲಲ್ಲಿ ಈ ದನಕ್ಕ ಅಂತ ಜಾಗ ಬಿಟ್ರು. ಅದಕ್ಕ ಕಾವಲು ಅಂತಾರ. ಬ್ಯಾಸಿಗಿಗೆ ಒಂದು ಕಾವಲು, ಮಳಿಗಾಲಕ್ಕ ಒಂದು, ಚಳಿಗಾಲಕ್ಕ ಒಂದು. ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗ ಕಡೆ ಊರ ಹೆಸರಿನ ಜೋಡಿ ಕಾವಲು ಅಂತ ಈಗಲೂ ಇರೋದು ಇದರಿಂದಲೇ. ದನಾನೂ ಒಂದೇ ಕಡೆಯವಲ್ಲ. ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಅಂತ ಮೂರು ಕವಲು ಕೂಡಿದ್ವು.

ಹೈದರಾಲಿ ಬಂದಮ್ಯಾಲ ಲೆಕ್ಕ ಬದಲಾತು. ಅವನಿಗೆ ಬೆಣ್ಣಿಗಿಂತ ತೋಪು ಎಳೆಯೋ ಎತ್ತು ಬೇಕಾಗಿದ್ವು. ಇವೇ ಎತ್ತು ಕಟ್ಟಿ ಎರಡೂವರೆ ದಿನದಾಗ ನೂರು ಮೈಲಿ ದಾಟಿ ಚಿದಂಬರಂ ಉಳಿಸಾಕ ಹೋದ ಅಂತ ಇಂಗ್ಲಿಷರೇ ಬರ್ಕೊಂಡಾರ. ಸೋತಾಗೂ ವೈರಿ ಕಣ್ಣ ಮುಂದೇ ತೋಪು ಎಳ್ಕೊಂಡು ಹೋಗಿ ಬಿಡ್ತಿದ್ವಂತ. ಅವನ ಮಗ ಟಿಪ್ಪು ಬೆಣ್ಣೆ ಚಾವಡಿ ಅನ್ನೋ ಹೆಸರು ತೆಗೆದು ಅಮೃತಮಹಲ್ ಅಂತ ಇಟ್ಟ, ದನ ಹೆಂಗ ಸಾಕಬೇಕು ಅಂತ ಕಟ್ಟಳಿ ಬರೆಸಿದ, ತಾನೇ ಹಿಂಡು ನೋಡಾಕ ಹೋಗ್ತಿದ್ದ. 1783ರಾಗ ಬಿದನೂರು ಮರಳಿ ಗೆಲ್ಲಾಕ ಒಂದು ತಿಂಗಳದಾಗ ಆ ಕಡೆಯಿಂದ ಈ ಕಡಿಗೆ ದೇಶ ದಾಟಿ ಬಂದದ್ದು ಈ ಎತ್ತಿನ ಬಲದ ಮ್ಯಾಲೇ.

ಇಲ್ಲಿ ನಾವು ಹೆಂಗಸರು ಗಮನಿಸಬೇಕಾದ ಒಂದು ಮಾತೈತಿ. ಈ ಆಕಳನ್ನ ಯಾರೂ ಮನ್ಯಾಗ ಕಟ್ಟಿ ಹಿಂಡ್ತಿದ್ದಿಲ್ಲ. ಇರೋದೇ ಸ್ವಲ್ಪ ಹಾಲು, ಎಲ್ಲಾ ಕರಕ್ಕ ಬಿಡ್ತಿದ್ರು, ಯಾಕಂದ್ರ ಹೋರಿಗರ ಗಟ್ಟಿಯಾಗಿ ಬೆಳೀಬೇಕಿತ್ತು. ಬಿಸಿಲು ಮಳಿ ಎಲ್ಲಾ ಬಯಲಾಗೇ. ಮ್ಯಾಲ ಸೂರಿಲ್ಲ. ಚಿರತಿ ಬಂದ್ರ ಆಕಳೇ ಕೋಡು ಬಗ್ಗಿಸಿ ನಿಂತು ಕರ ಕಾಯಬೇಕು. ಅಂಥಲ್ಲಿ ಯಾವ ಆಕಳ ಕರ ಉಳೀತೈತಿ? ಸಿಡಿಮಿಡಿ ಇರೋ ಆಕಳದ್ದೇ. ಮೆತ್ತಗಿದ್ದದ್ದರ ಕರ ಚಿರತಿ ಪಾಲು. ಜೊತಿಗೆ ತೋಪು ಎಳೆಯಾಕ ಚುರುಕು, ಓಟ, ಹಠ ಇರೋದನ್ನೇ ಸರ್ಕಾರ ಆರಿಸ್ತು. ಹಿಂಗ ಕಾಡೂ ಅದನ್ನೇ ಆರಿಸ್ತು, ರಾಜಾನೂ ಅದನ್ನೇ ಆರಿಸಿದ.

ಹಿಂಗಾಗಿ ಅಮೃತಮಹಲ್ ದನ ಅಂದ್ರ ಗುರುತಿಲ್ಲದವರು ನಡಕೊಂಡು ಹತ್ರ ಹೋಗೋದೇ ಅಪಾಯ ಅನ್ನಂಗಾತು. ಹೋರಿ ಪಳಗಿಸೋದು ಒಂದು ಯುದ್ಧ ಇದ್ದಂಗ. ಹಿಂಡನ್ನ ಓಡಿಸ್ಕೊಂಡು ಬಂದು ಗಟ್ಟಿ ಕಂಬದ ದೊಡ್ಡ್ಯಾಗ ಕೂಡೋದು, ಹಗ್ಗ ಎಸೆದು ಕಂಬಕ್ಕ ಬಿಗಿಯೋದು, ಆಮ್ಯಾಲ ಪಳಗಿದ ಹಳೆ ಎತ್ತಿನ ಜೋಡಿ ಕಟ್ಟೋದು. ಆ ಹಳೆ ಎತ್ತು ಎಳೆದಂಗ ಹೊಸದು ನಡೀಬೇಕು. ನಮ್ಮಲ್ಲಿ ಹೊಸ ಸೊಸಿ ಬಂದಾಗ ಹಿರೇ ಸೊಸಿ ಜೋಡಿ ಅಡಿಗಿಮನಿಗೆ ಬಿಡ್ತೀವಲ್ಲ, ಅದೇ ಉಪಾಯ. ಆದ್ರ ಒಮ್ಮೆ ಪಳಗಿದ್ವು ಅಂದ್ರ ಅಂಥ ಎತ್ತಿಲ್ಲ. ಯಜಮಾನನ ದನಿ ಗುರುತು ಹಿಡಿದು ನಡಿಯೋವು. ಸಿಟ್ಟು ರಕ್ತದಾಗ ಬಂತು, ನಂಬಿಕಿ ಕೈಯಾಗ ಬಂತು.

1799ರಾಗ ಶ್ರೀರಂಗಪಟ್ಟಣ ಬಿತ್ತು. ಹಿಂಡು ಇಂಗ್ಲಿಷರ ಪಾಲಾತು. ನೋಡಿಕೊಳ್ಳೋ ಕೆಲಸ ಮೈಸೂರು ದರಬಾರಿಗೆ ಬಿಟ್ಟಿದ್ರು, ಹಿಂಡು ಸೊರಗ್ತು. 1813ರಾಗ ಕ್ಯಾಪ್ಟನ್ ಹಾರ್ವೆ ಅನ್ನೋ ಮದ್ರಾಸ್ ಫೌಜಿನವನ ಕೈಗೆ ಕೊಟ್ಟಮ್ಯಾಲ ಸುಧಾರಿಸ್ತು. ಮುಂದ ರಸ್ತಿ ಆತು, ಯುದ್ಧ ಕಡಿಮಿ ಆತು. 1860ರಾಗ ಮದ್ರಾಸ್ ಸರ್ಕಾರ ಖರ್ಚು ಉಳಿಸಬೇಕು ಅಂತ ಇಡೀ ಹಿಂಡನ್ನೇ ಮಾರಿ ಬಿಡ್ತು. ಕೊಂಡವರಾಗ ಈಜಿಪ್ಟಿನ ಪಾಷಾನೂ ಒಬ್ಬ. ಮಾರಿದಮ್ಯಾಲ ಫೌಜಿಗೆ ಚಲೋ ಎತ್ತೇ ಸಿಗವಲ್ವು. 1866ರಾಗ ಮತ್ತ ಅಲ್ಲಿ ಇಲ್ಲಿ ಉಳಿದದ್ದನ್ನ ಕೂಡಿಸಿ ಹಿಂಡು ಕಟ್ಟಿದ್ರು. ಸಂಸಾರ ಮಾಡೋರಿಗೆ ಈ ಕತಿ ಬಿಡಿಸಿ ಹೇಳೋದು ಬ್ಯಾಡ. ಬಂಗಾರ ಮಾರೋದು ಒಂದು ದಿನದ ಕೆಲಸ, ಮತ್ತ ಮಾಡಿಸೋದು ವರ್ಷಗಟ್ಟಲೆ. 1882ರಾಗ ಹಿಂಡು ಮೈಸೂರು ಸರ್ಕಾರಕ್ಕ ಬಂತು, 1929ರಾಗ ಅಜ್ಜಂಪುರದಾಗ ತಳಿ ಕೇಂದ್ರ ಆತು. ಈಗಲೂ ಅಲ್ಲಿ ಐತಿ. ಆದ್ರ ಕಾವಲು ಬಹಳ ಕಡೆ ಕರಗಿ ಹೋಗ್ಯಾವ. ನಮ್ಮ ನೆರಿ ಚಳ್ಳಕೆರಿ ಕಡೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಹೋತು.

ಅಮೃತಮಹಲ್ ದನದ ಬಗ್ಗೆ ಹೊಸ ಪುಸ್ತಕದಾಗ ಏನು ಬರೀತಾರ? ಸಿಡುಕು ಸ್ವಭಾವ, ಹಾಲು ಕಡಿಮಿ. ಅದೇ ಸಿಡುಕನ್ನ ಟಿಪ್ಪು ಕಾಲದಾಗ ಶೌರ್ಯ ಅಂತಿದ್ರು. ದನ ಬದಲಾಗಿಲ್ಲ, ನಾವು ಅದರ ಕಡೆಯಿಂದ ತಗೊಳ್ಳೋ ಕೆಲಸ ಬದಲಾಗೈತಿ. ನಮ್ಮ ಊರಾಗೂ ಕಾರ ಹುಣ್ಣಿಮಿ ದಿನ ಕರಿ ಹರಿಯೋವಾಗ ಮೂಗುದಾರ ಹರ್ಕೊಂಡು ಓಡೋ ಹೋರಿಗೆ ಸಿಳ್ಳಿ ಹೊಡೀತಾರ. ಮರುದಿನ ಅದೇ ಹೋರಿ ಗ್ವಾದಲಿ ಹತ್ರ ಕಸ ತೆಗೆಯೋ ಹೆಂಗಸಿಗೆ ತಲಿ ಬೀಸಿದ್ರ ಅದಕ್ಕ ಹುಚ್ಚು ಹೋರಿ ಅಂತಾರ.

ಈಗ ಮೂರನೇ ಕತಿ. ನಮ್ಮ ಎರೆ ಭೂಮಿ ನಿಮಗೆಲ್ಲ ಗೊತ್ತೇ ಐತಿ. ಮಳಿ ಬಿದ್ದ್ರ ಚಪ್ಪಲಿ ಕಿತ್ಕೊಳ್ತೈತಿ, ಒಣಗಿದ್ರ ಕಲ್ಲು. ಇಂಥ ನೆಲದಾಗ ಓಡೋ ಎತ್ತು ಏನು ಮಾಡೀತು? ನಿಧಾನಕ್ಕ, ಬಿಡದಂಗ, ಭಾರ ಹಾಕಿ ಎಳೆಯೋ ಎತ್ತು ಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡಿ ಮ್ಯಾಗಿನ ಎರೆ ಹೊಲಕ್ಕ ಅಂತಲೇ ಹತ್ತೊಂಬತ್ತನೇ ಶತಮಾನದ ಕಡಿಗೆ ಸಾಂಗ್ಲಿ ಸಂಸ್ಥಾನದವರು ಮುಂದ ನಿಂತು ಒಂದು ತಳಿ ಬೆಳೆಸಿದ್ರು. ಅದಕ್ಕ ಕೃಷ್ಣಾ ಕಣಿವೆ ತಳಿ ಅಂತಾರ. ಗುಜರಾತಿನ ಗೀರ್, ಕಾಂಕ್ರೇಜ್, ಆಂಧ್ರದ ಒಂಗೋಲು, ಮೈಸೂರು ಕಡೆ ದನ ಎಲ್ಲಾ ಬೆರೆತ ರಕ್ತ ಅದು. ದೊಡ್ಡ ಮೈ, ತೂಗು ಹಾಕಿದಂಗ ಗಂಗೆದೊಗಲು, ನಡಿಗಿ ನಿಧಾನ, ಸ್ವಭಾವ ಸಾಧು. ಆಕಳು ಹಾಲೂ ಸುಮಾರು ಕೊಡ್ತಿದ್ವು. ಸಾವಿರಾರು ವರ್ಷ ಕಾಯೋದು ಬೇಕಾಗಲಿಲ್ಲ, ಕೆಲವೇ ತಲಿಮಾರಿನಾಗ ಅಂಥ ದನ ಆತು. ಬೇರೆ ಬೇರೆ ಸ್ವಭಾವದ ದನ ಕೂಡಿಸಿ, ಬೇಕಾದದ್ದನ್ನ ಉಳಿಸ್ಕೊಂತ ಹೋದ್ರ ಹೆಂಗಿರ್ತೈತಿ ಅನ್ನೋದಕ್ಕ ಇದೊಂದು ಉದಾಹರಣಿ. ಆಮ್ಯಾಲ ಬರ ಬಂತು, ಟ್ರಾಕ್ಟರ್ ಬಂತು, ಎತ್ತಿನ ಕೆಲಸ ಹೋತು. ಈಗ ಕೃಷ್ಣಾ ಕಣಿವೆ ದನ ಹುಡುಕಿ ನೋಡಬೇಕು.

ನಮ್ಮ ಬಳ್ಳಾರಿ ಸೀಮಿ 1800ರಿಂದ 1953ರ ತನಕ ಮದ್ರಾಸಿನ ಕಡೆ ಇದ್ದದ್ದು, ಪೂರ್ವದ ಆಂಧ್ರದ ಜೋಡಿ ನಮ್ಮ ನಂಟು ಜಾಸ್ತಿ. ಒಂಗೋಲು ಎತ್ತು ಅಂದ್ರ ಈಗಲೂ ಇಲ್ಲಿ ಮನಿ ಮುಂದ ಕಟ್ಟೋದೇ ಒಂದು ಮರ್ಯಾದಿ. ಈ ಒಂಗೋಲು ದನ ಹಡಗು ಹತ್ತಿ ಬ್ರೆಜಿಲ್ ದೇಶಕ್ಕ ಹೋತು. ಅಲ್ಲಿ ಅದಕ್ಕ ನೆಲ್ಲೂರಿನ ಹೆಸರಿನಿಂದ ನೆಲೋರೆ ಅಂತಾರ, ಮಾಂಸಕ್ಕ ಸಾಕ್ತಾರ, ಅಲ್ಲಿನ ಮಾಂಸದ ದನದಾಗ ಬಹುಪಾಲು ಇದೇ ರಕ್ತ. ಆಶ್ಚರ್ಯ ಏನಂದ್ರ, ನಮ್ಮಲ್ಲಿ ಸಣ್ಣ ಹುಡುಗ ಹಗ್ಗ ಹಿಡಿದು ಕೆರಿಗೆ ಹೊಡ್ಕೊಂಡು ಹೋಗೋ ದನಾನೇ ಅಲ್ಲಿ ಬೆದರು ದನ ಅನಿಸಿಕೊಂಡೈತಿ. ಯಾಕಂದ್ರ ಅಲ್ಲಿ ಸಾವಿರಾರು ಎಕರೆ ಬಯಲಾಗ ಬಿಡ್ತಾರ, ಮನಿಷಾರ ಮುಖ ನೋಡೋದು ವರ್ಷಕ್ಕ ನಾಲ್ಕೈದು ಸಲ, ಅದೂ ಸೂಜಿ ಚುಚ್ಚಾಕ, ಬರಿ ಹಾಕಾಕ. ರಕ್ತ ಒಂದೇ, ಮನಿ ಬ್ಯಾರೆ. ತವರುಮನ್ಯಾಗ ಮಾತಾಡೋ ಹುಡುಗಿ ಗಂಡನ ಮನ್ಯಾಗ ಮೂಗಿ ಆಗೋದು ನಾವು ನೋಡಿಲ್ಲೇನು?

ಹಂಗಾದ್ರ ಹುಟ್ಟಿನ ಪಾಲೆಷ್ಟು, ಕೈಯ ಪಾಲೆಷ್ಟು? ಇದನ್ನ ಅಳೆದು ನೋಡ್ಯಾರ. ಆಸ್ಟ್ರೇಲಿಯಾದಾಗ 1980ರ ದಶಕದಾಗ ಒಂದು ಸರಳ ಉಪಾಯ ಕಂಡುಹಿಡಿದ್ರು. ದನವನ್ನ ಕಬ್ಬಿಣದ ಕಟಕಟಿಯೊಳಗ ನಿಲ್ಲಿಸಿ ಬಾಗಿಲು ತೆಗೆಯೋದು, ಮೊದಲ ಎರಡು ಮೀಟರಿನಷ್ಟು ಜಾಗ ಎಷ್ಟು ಹೊತ್ತಿನಾಗ ದಾಟ್ತೈತಿ ಅಂತ ಯಂತ್ರದಿಂದ ಅಳೆಯೋದು. ಅಂಜುಬುರುಕ ಬಾಣದಂಗ ಹಾರ್ತೈತಿ, ಶಾಂತ ಇದ್ದದ್ದು ನಡ್ಕೊಂಡು ಬರ್ತೈತಿ. ಹಾರೋ ದನ ಮೈ ಹಿಡಿಯೋದು ಕಡಿಮಿ, ಮಾಂಸಾನೂ ಗಟ್ಟಿ ಅಂತ ಅಲ್ಲಿನವರಿಗೆ ಗೊತ್ತಾತು. ಹಿಂಗ ಅಣ್ಣ ತಮ್ಮ ಅಕ್ಕ ತಂಗಿ ದನಾನೆಲ್ಲ ಅಳೆದು ಲೆಕ್ಕ ಹಾಕಿದಾಗ, ಒಂದು ಹಿಂಡಿನೊಳಗ ದನ ದನಕ್ಕ ಇರೋ ಸ್ವಭಾವದ ವ್ಯತ್ಯಾಸ ನೂರು ಪಾಲು ಅಂದುಕೊಂಡ್ರ ಅದರಾಗ ಸಾಮಾನ್ಯವಾಗಿ 20ರಿಂದ 40 ಪಾಲು ರಕ್ತದಿಂದ ಬಂದದ್ದು ಅಂತ ಸಿಕ್ಕೈತಿ. ಹಾಲು ಹಿಂಡೋವಾಗಿನ ಸ್ವಭಾವಕ್ಕ ಬಹಳಷ್ಟು ಲೆಕ್ಕದಾಗ ಇದಕ್ಕಿಂತ ಕಡಿಮಿ. ಉಳಿದದ್ದು ಸಾಕಿದ ರೀತಿ, ಅಂಜಿಕಿ, ನೋವು, ಮೇವು, ಜೊತಿ ದನ ಇವೆಲ್ಲದರ ಪಾಲು. ಹಾಲು ಎಷ್ಟು ಕೊಡ್ತೈತಿ ಅನ್ನೋದರಾಗೂ ರಕ್ತದ ಪಾಲು ನೂರಕ್ಕ 25, 30ರ ಆಸುಪಾಸೇ. ಅಷ್ಟು ಪಾಲಿಗೇ ನಾವು ಜರ್ಸಿ, ಎಚ್‌ಎಫ್ ಅಂತ ತಳಿ ಹುಡುಕ್ತೀವಿ. ಹಂಗಿದ್ದಮ್ಯಾಲ ಸ್ವಭಾವ ಮಾತ್ರ ಯಾಕ ಹಣಿಬರಹ ಅನ್ನಬೇಕು?

ಸ್ಪೇನ್ ದೇಶದ ಒಂದು ರೂಢಿ ಕೇಳಿದ್ರ ನಗು ಬರ್ತೈತಿ. ಅಲ್ಲಿ ಗೂಳಿ ಕಾಳಗಕ್ಕ ಅಂತ ಬ್ಯಾರೆ ತಳಿ ಸಾಕ್ತಾರ. ಕಾಳಗ ಮಾಡೋದು ಗಂಡು ಗೂಳಿ, ಆದ್ರ ಧೈರ್ಯದ ಪರೀಕ್ಷೆ ಮಾಡೋದು ಹೆಣ್ಣು ಕಡಸಿಗೆ. ಸಣ್ಣ ಅಖಾಡಕ್ಕ ಬಿಟ್ಟು ಎಷ್ಟು ಸಲ ನುಗ್ಗಿ ಬರ್ತೈತಿ ಅಂತ ನೋಡ್ತಾರ. ನುಗ್ಗಿದ್ದನ್ನ ತಾಯಿ ಆಗಾಕ ಇಟ್ಕೊಳ್ತಾರ, ಹಿಂದ ಸರಿದದ್ದನ್ನ ತೆಗೀತಾರ. ಎದಿಗಾರಿಕಿ ತಾಯಿಯಿಂದ ಅಂತ ಅವರ ನಂಬಿಕಿ. ತಂದಿ ಪಾಲೂ ಅರ್ಧ ಇದ್ದೇ ಇರ್ತೈತಿ, ಆದ್ರೂ ನಮ್ಮ ನೂಲು ಸೀರಿ ಗಾದಿ ಅಷ್ಟು ದೂರದಾಗೂ ಐತಲ್ಲ ಅಂತ ನನಗ ಖುಷಿ ಆತು.

ಇನ್ನ ಸುಳಿ ಮಾತು. ಜಾತ್ರ್ಯಾಗ, ಕುರುವತ್ತಿ ಬಸವೇಶ್ವರನ ಜಾತ್ರಿ ಇರಲಿ, ಮೈಲಾರ ಇರಲಿ, ಎತ್ತು ತಗೊಳ್ಳೋವಾಗ ಹಿರೇರು ಹಲ್ಲು ನೋಡಿದ ಕೂಡ್ಲೇ ಸುಳಿ ನೋಡ್ತಾರ. ಯಾವ ಸುಳಿ ಮನಿಗೆ ಒಳ್ಳೇದು, ಯಾವುದು ಕೆಟ್ಟದ್ದು ಅನ್ನೋ ಶಾಸ್ತ್ರ ನಾನು ಹೇಳಾಕ ಹೋಗೋದಿಲ್ಲ. ಆದ್ರ ಅಮೆರಿಕಾದಾಗ ಟೆಂಪಲ್ ಗ್ರಾಂಡಿನ್ ಅಂತ ಒಬ್ಬಾಕಿ ಅದಾಳ. ಸಣ್ಣಾಕಿದ್ದಾಗ ಆಟಿಸಂ ಅಂತ ಮಾತೇ ಬಹಳ ತಡವಾಗಿ ಬಂತು. ದನದ ಅಂಜಿಕಿ ತನಗ ಚಲೋ ಅರ್ಥ ಆಗ್ತೈತಿ ಅಂತಲೇ ಆಕಿ ದೊಡ್ಡ ಹೆಸರು ಮಾಡಿದ್ಲು. ಆಕಿ ಮತ್ತ ಆಕಿ ಜೋಡಿಯವರು 1995ರಾಗ ಸುಮಾರು 1,500 ದನದ ಹಣಿ ಸುಳಿ ನೋಡಿದ್ರು. ಸುಳಿ ಕಣ್ಣಿನ ಮಟ್ಟಕ್ಕಿಂತ ಮ್ಯಾಲಿದ್ದ ದನ ಹಿಡಿದು ನಿಲ್ಲಿಸಿದಾಗ ಹೆಚ್ಚು ಕೊಸರಾಡಿದ್ವು, ಕಣ್ಣಿನ ಮಟ್ಟದಾಗ ಇಲ್ಲಾ ಕೆಳಗಿದ್ದವು ಕಡಿಮಿ. ಕರ ಹೊಟ್ಟ್ಯಾಗ ಇದ್ದಾಗ ಚರ್ಮ, ಮಿದುಳು ಎರಡೂ ಒಂದೇ ಪದರದಿಂದ ಬೆಳೀತಾವ, ಅದಕ್ಕ ಸುಳಿಗೂ ಸ್ವಭಾವಕ್ಕೂ ಏನೋ ನಂಟಿರಬಹುದು ಅಂತ ಅವರ ವಿಚಾರ. ಎಲ್ಲಾ ತಳಿಯೊಳಗೂ, ಆಮ್ಯಾಲ ನೋಡಿದವರಿಗೆಲ್ಲ ಇದು ಹಂಗೇ ಕಂಡಿಲ್ಲ. ಹಿಂಗಾಗಿ ಬರೇ ಸುಳಿ ನೋಡಿ ಆಕಳು ತಿರಸ್ಕಾರ ಮಾಡಬ್ಯಾಡ್ರಿ. ಹಿರೇರು ಹಣಿ ನೋಡಿದ್ದು ಪೂರ್ತಿ ಮೂಢನಂಬಿಕಿ ಅಂತ ನಗೋದೂ ಬ್ಯಾಡ.

ಕೈಯ ಪಾಲಿನ ಬಗ್ಗೆ ಹೇಳೋದಾದ್ರ ನಮಗ ಗೊತ್ತಿದ್ದದ್ದೇ ಬಹಳ. ಆಕಳು ಅಂಜಿದ್ರ ಸೊರ ಬಿಡೋದಿಲ್ಲ. ಹಾಲು ಇಳಿಸೋ ಆಕ್ಸಿಟೋಸಿನ್ ಅನ್ನೋ ರಸ ಮಿದುಳಿನಿಂದ ಬರ್ತೈತಿ, ಅಂಜಿಕಿ ಆದ್ರ ಅದು ತಡೀತೈತಿ. ಅದಕ್ಕ ಬೈಕೊಂತ ಹೊಡ್ಕೊಂತ ಹಿಂಡಿದ್ರ ಒದಿಕೀನೂ ಸಿಗ್ತೈತಿ, ಹಾಲೂ ಕಡಿಮಿ. 2009ರಾಗ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಆಕಳಿಗೆ ಹೆಸರಿಟ್ಟು ಕರೆಯೋ ಮನಿ, ಕರೆಯದ ಮನಿ ಎರಡೂ ಹೋಲಿಸಿ ನೋಡಿದ್ರ, ಹೆಸರಿಟ್ಟವರ ಆಕಳು ವರ್ಷಕ್ಕ 250 ಲೀಟರಿಗಿಂತ ಹೆಚ್ಚು ಹಾಲು ಕೊಟ್ಟಿದ್ವಂತ. ಹೆಸರಿನಾಗ ಮಂತ್ರ ಏನಿಲ್ಲ, ಹೆಸರಿಟ್ಟು ಕರೆಯೋರು ಮೈ ಸವರಿ ಮಾತಾಡ್ಸೋರೇ ಆಗಿರ್ತಾರ. ನಮ್ಮ ಗೌರಿ, ಗಂಗೆ, ಲಕ್ಷ್ಮಿ ಎಲ್ಲ ಸುಮ್ಮನೆ ಬಂದ ಹೆಸರಲ್ಲ.

ಹೋರಿಗರದ ವಿಷಯದಾಗ ಒಂದು ಎಚ್ಚರಿಕಿ. ಜರ್ಸಿ ಆಕಳು ಎಷ್ಟು ಸಾಧೂನೋ ಜರ್ಸಿ ಹೋರಿ ಅಷ್ಟೇ ಅಪಾಯ ಅಂತ ಎಲ್ಲಾ ದೇಶದಾಗೂ ಹೇಳ್ತಾರ. ಇದರಾಗ ರಕ್ತದ ಪಾಲೂ ಐತಿ, ಸಾಕೋ ರೀತಿ ಪಾಲೂ ಐತಿ. 1990ರಾಗ ಅಮೆರಿಕಾದಾಗ ಒಂದು ಪರೀಕ್ಷೆ ಮಾಡಿದ್ರು. ಬಾಟ್ಲಿ ಹಾಲು ಕುಡಿಸಿ ಬೆಳೆಸಿದ ಹೋರಿಗರ ಒಂಟಿಯಾಗಿ ಇದ್ದದ್ದು ದೊಡ್ಡದಾದಮ್ಯಾಲ ಮನಿಷಾರ ಮ್ಯಾಲ ಬಂತು, ಜೊತಿ ಕರಗಳ ನಡುವೆ ಬೆಳೆದದ್ದು ಅಷ್ಟು ಬರಲಿಲ್ಲ. ಒಂಟಿ ಬೆಳೆದದ್ದು ಮನಿಷಾರನ್ನೇ ತನ್ನ ಜಾತಿ ಅಂದ್ಕೊಂಡು ತಲಿ ಕೊಡಾಕ ಬರ್ತೈತಿ. ಅದಕ್ಕ ಹೋರಿಗರ ಒಂದನ್ನೇ ಮೂಲ್ಯಾಗ ಕಟ್ಟಬ್ಯಾಡ್ರಿ. ಮಕ್ಕಳು ಅದರ ಹಣಿಗೆ ಕೈ ಒತ್ತಿ ದೂಡಾಟ ಆಡಿದ್ರ ನಕ್ಕು ಸುಮ್ಮನಾಗಬ್ಯಾಡ್ರಿ. ಎರಡು ತಿಂಗಳ ಕರದ ಆಟ ಎರಡು ವರ್ಷಕ್ಕ ಆಟ ಆಗಿರೋದಿಲ್ಲ.

ಹಂಗಾದ್ರ ಮೊದಲಿನ ಪ್ರಶ್ನಿಗೆ ಬರೋಣ. ಆಕಳು ಒದ್ದ್ರ ಮೊದಲು ಕೆಚ್ಚಲು ನೋಡ್ರಿ. ಬಾವು, ಮೊಲಿ ಸೀಳು, ಬಿಸಿ ಇದ್ರ ಅದು ಸ್ವಭಾವ ಅಲ್ಲ, ನೋವು. ಡಾಕ್ಟರಿಗೆ ತೋರಿಸ್ರಿ. ಇಷ್ಟು ದಿನ ಸುಮ್ಮನಿದ್ದ ಆಕಳು ಒಮ್ಮಿಂದೊಮ್ಮೆ ಒದ್ದ್ರ ಬಹಳ ಸಲ ಏನೋ ನೋವೇ ಇರ್ತೈತಿ ಅಂತ ತಿಳೀರಿ. ಚೊಚ್ಚಲ ಕರ ಹಾಕಿದ್ದಾದ್ರ ಅಂಜಿಕಿ, ಎರಡು ವಾರ ತಾಳ್ಮಿ ಬೇಕು. ನೋವಿಲ್ಲ, ಅಂಜಿಕಿ ಹೋಗೈತಿ, ಆದ್ರೂ ಎರಡು ಮೂರು ಸೂಲು ಒದ್ದ್ಕೊಂತಲೇ ಬಂದೈತಿ, ಅದರ ತಾಯೀನೂ ಹಂಗೇ ಇತ್ತು ಅಂದ್ರ ಅದು ರಕ್ತ. ಅಂಥ ಆಕಳ ಹೆಣ್ಗರ ಹಂಗೇ ಆಗೇ ಆಗ್ತೈತಿ ಅಂತಿಲ್ಲ, ಆದ್ರ ಆಗೋ ಸಂಭವ ಬ್ಯಾರೆ ಕರಕ್ಕಿಂತ ಹೆಚ್ಚು. ಮೊದಲ ದಿನದಿಂದ ಕೈ ಹಚ್ಚಿ, ಮೈ ತಿಕ್ಕಿ, ಕಡಸು ಆದಾಗಿನಿಂದ ಕೆಚ್ಚಲು ಮುಟ್ಟಿಸಿಕೊಳ್ಳೋ ರೂಢಿ ಮಾಡಿದ್ರ ಎಷ್ಟೋ ಪಾಲು ತಿದ್ದಬಹುದು. ತಿದ್ದಾಕ ಬರದಷ್ಟು ಇದ್ರ ಆ ಆಕಳಿಂದ ಮುಂದಿನ ತಳಿ ಬ್ಯಾಡ ಅನ್ನೋದು ಹಿಂಡಾಕಿ ಹಕ್ಕು. ಎಂಟು ಲೀಟರ್ ಲೆಕ್ಕದಾಗ ಆಕಿ ಮೊಣಕಾಲಿನ ಬೆಲಿಯೂ ಸೇರಬೇಕು.

ಕಡೀಗೆ ಒಂದು ಕೆಲಸ ಹೇಳ್ತೀನಿ, ಭಾಳ ಸುಲಭ. ಮೊದಲೆಲ್ಲ ಊರಾಗ ಬಿಟ್ಟ ಬಸವ ಇರ್ತಿತ್ತು, ಅದರ ಸ್ವಭಾವ ಊರಿಗೆಲ್ಲ ಗೊತ್ತು. ಈಗ ಸೂಜಿ ಹಾಕಿಸ್ತೀವಿ, ತಂದಿ ಮುಖ ಯಾರೂ ನೋಡಿಲ್ಲ. ಆದ್ರ ಆ ವೀರ್ಯದ ಕಡ್ಡಿ ಮ್ಯಾಲ ಹೋರಿ ನಂಬರ್ ಬರೆದಿರ್ತೈತಿ. ಕೆನಡಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾದಾಗ ಪ್ರತಿ ಹೋರಿಯ ಹೆಣ್ಣುಮಕ್ಕಳು ಹಿಂಡೋವಾಗ ಹೆಂಗ ನಿಲ್ತಾವ ಅಂತ ರೈತರೇ ಅಂಕಿ ಕೊಡ್ತಾರ, ಆ ಅಂಕಿ ನೋಡೇ ಮುಂದಿನವರು ಹೋರಿ ಆರಿಸ್ತಾರ. ನಾವೂ ಮಾಡಬಹುದು. ಡಾಕ್ಟರು ಬಂದಾಗ ಕಡ್ಡಿ ಮ್ಯಾಗಿನ ನಂಬರ್ ಕೇಳಿ, ಹಾಲಿನ ಲೆಕ್ಕ ಬರೆಯೋ ಡೇರಿ ಪುಸ್ತಕದ ಹಿಂದಿನ ಹಾಳ್ಯಾಗ ಬರೆದಿಡ್ರಿ. ಕರ ದೊಡ್ಡದಾಗಿ ಮೊದಲ ಸಲ ಹಿಂಡಿದಾಗ ಒದಿತೋ, ನಿಂತಿತೋ ಅಂತ ಪಕ್ಕದಾಗ ಬರೀರಿ. ಓಣ್ಯಾಗ ಹತ್ತು ಮನಿಯವರು ನಾಲ್ಕು ವರ್ಷ ಬರೆದ್ರ ಯಾವ ನಂಬರಿನ ಮಗಳು ಸಾಧು, ಯಾವುದು ಜೋರು ಅನ್ನೋದು ಸ್ವಲ್ಪ ಸ್ವಲ್ಪ ಕಾಣಾಕ ಹತ್ತತೈತಿ. ರಾಜರು ತೋಪಿನ ಸಲುವಾಗಿ ಆರಿಸಿದ್ರು, ಸಾಂಗ್ಲಿಯವರು ಎರೆ ಹೊಲದ ಸಲುವಾಗಿ ಆರಿಸಿದ್ರು. ಹಿಂಡೋ ಕೈಯವರ ಸಲುವಾಗಿ ನಾವೇ ಆರಿಸಬೇಕು, ಬ್ಯಾರೆ ಯಾರೂ ಆರಿಸೋದಿಲ್ಲ.

ನಿಮ್ಮ ನಿಮ್ಮ ಮನಿ ಆಕಳ ತಾಯಿ, ಅಜ್ಜಿ ಹೆಂಗಿದ್ವು ಅಂತ ಅತ್ತಿಯವರನ್ನ ಒಮ್ಮೆ ಕೇಳಿ ನೋಡ್ರಿ. ಅವರಿಗೆ ಮೂರು ತಲಿಮಾರು ಬಾಯಿಪಾಠ ಇರ್ತೈತಿ. ಬರ್ಕೊಂಡು ಇಟ್ಕೊಳ್ರಿ.